ಯಾರಿಗೆ ಅಪರೂಪ ಈ ಸೋಂಕು?

ನವಜಾತ ಶಿಶುವಿನ ರಕ್ತದಲ್ಲಿ ಕೇಳರಿಯದ ಹೆಸರಿನ ಬ್ಯಾಕ್ಟೀರಿಯಾ ಪತ್ತೆಯಾದರೆ 'ಇದು ಅಪರೂಪದ ಸೋಂಕು' ಎಂದು ಹೇಳುವುದುಂಟು. ಹೆತ್ತವರು ಅದನ್ನು ವಿಧಿಯೆಂದು ಒಪ್ಪಿಕೊಳ್ಳುತ್ತಾರೆ. ಆದರೆ 'ಅಪರೂಪ' ಎಂಬ ಈ ಪದವನ್ನೇ ಪ್ರಶ್ನಿಸಬೇಕಾಗಿದೆ ಎಂದು ನನಗನ್ನಿಸುತ್ತದೆ.

ಪಾಶ್ಚಾತ್ಯ ವೈದ್ಯಕೀಯ ಗ್ರಂಥಗಳ ಪ್ರಕಾರ, ಹುಟ್ಟಿದ ಮೊದಲ ಮೂರು ದಿನಗಳ ರಕ್ತದ ಸೋಂಕಿಗೆ ಪ್ರಮುಖ ಕಾರಣ ತಾಯಿಯಿಂದ ದಾಟುವ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್. ಅಸಿನೆಟೊಬ್ಯಾಕ್ಟರ್ ಅಲ್ಲಿ ನಿಜಕ್ಕೂ ಅಪರೂಪ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದು, 2016ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದೇ ಚಿತ್ರ ನೀಡಿತು. ಅದೇ ಆಸ್ಪತ್ರೆಗಳಲ್ಲಿ ಜನಿಸಿ ತೀವ್ರ ನಿಗಾ ಘಟಕ ಸೇರಿದ 13,530 ಶಿಶುಗಳ ಪೈಕಿ ಶೇ 14.3ರಷ್ಟು ಶಿಶುಗಳಿಗೆ ನಂಜು ತಗುಲಿತ್ತು. ಪತ್ತೆಯಾದ ಸೂಕ್ಷ್ಮಾಣುಗಳಲ್ಲಿ ಶೇ 22ರೊಂದಿಗೆ ಮೊದಲ ಸ್ಥಾನ ಅಸಿನೆಟೊಬ್ಯಾಕ್ಟರ್‌ನದು. ಅದರಲ್ಲಿ ಶೇ 82ರಷ್ಟು ಹಲವು ಔಷಧಗಳಿಗೆ ಜಗ್ಗದಂಥವು. ಸುಮಾರು ಮೂರನೇ ಎರಡರಷ್ಟು ಪ್ರಕರಣಗಳು ಮೊದಲ 72 ಗಂಟೆಗಳಲ್ಲೇ ಕಾಣಿಸಿಕೊಂಡಿದ್ದವು.

ಒಣಗಿದ ಮೇಲ್ಮೈಗಳ ಮೇಲೂ ವಾರಗಟ್ಟಲೆ ಬದುಕಬಲ್ಲ ಈ ಜೀವಿ ಕೈಗಳಿಂದ, ಉಪಕರಣಗಳಿಂದ ಹರಡುತ್ತದೆ. ಆದ್ದರಿಂದ ಸಂಶಯದ ಬೆರಳು ತಾಯಿಯತ್ತ ಅಲ್ಲ, ಹೆರಿಗೆ ಕೊಠಡಿ ಮತ್ತು ನಿಗಾ ಘಟಕಗಳ ನೈರ್ಮಲ್ಯದತ್ತ ತಿರುಗಬೇಕು. ಹಾಗೆಂದು ದಾದಿಯರನ್ನು ದೂಷಿಸುವುದು ನ್ಯಾಯವಲ್ಲ. ಒಬ್ಬರೇ ಹಲವು ಶಿಶುಗಳನ್ನು ನೋಡಿಕೊಳ್ಳಬೇಕಾದ ಕಡೆ, ಪ್ರತಿ ಬಾರಿಯೂ ಕೈತೊಳೆಯುವ ನಿಯಮ ಗೋಡೆಯ ಮೇಲಿನ ಬರಹವಾಗಿ ಉಳಿಯುತ್ತದೆ.

ಇನ್ನಷ್ಟು ಪ್ರಬಲ ಆ್ಯಂಟಿಬಯೋಟಿಕ್ ಇದಕ್ಕೆ ಶಾಶ್ವತ ಪರಿಹಾರವಾಗದು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ತೂಕದ ಶಿಶುಗಳನ್ನು ಹುಟ್ಟಿದೊಡನೆ ತಾಯಿಯ ಎದೆಗೆ ಅವಚಿಟ್ಟಾಗ ಮೊದಲ 28 ದಿನಗಳ ಸಾವು ಕಾಲುಭಾಗದಷ್ಟು ಇಳಿಯಿತು. ತಾಯಿಯನ್ನು ನಿಗಾ ಘಟಕದ ಹೊರಗೆ ನಿಲ್ಲಿಸುವ ಪದ್ಧತಿಯನ್ನು ಮರುಪರಿಶೀಲಿಸಲು ಇಷ್ಟು ಸಾಕಲ್ಲವೇ?

ನವಜಾತ ಶಿಶುಮರಣವನ್ನು 2030ರೊಳಗೆ ಸಾವಿರಕ್ಕೆ ಒಂದಂಕಿಗೆ ಇಳಿಸುವುದಾಗಿ ಕೇಂದ್ರ ಸರ್ಕಾರ 2014ರಲ್ಲಿ ಘೋಷಿಸಿತ್ತು. ಆ ಗುರಿ ಮುಟ್ಟಬೇಕಾದರೆ ಪ್ರತಿ ನಿಗಾ ಘಟಕವೂ ರಕ್ತದ ಕಲ್ಚರ್ ಪರೀಕ್ಷೆ ಮಾಡಿಸಬೇಕು, ತನ್ನ ಸೋಂಕಿನ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು. ಎಣಿಸದ ಸೋಂಕು ಎಂದೆಂದಿಗೂ ಅಪರೂಪವಾಗಿಯೇ ಕಾಣುತ್ತದೆ.