ಧರ್ಮಕೇಂದ್ರಗಳ ಜಾಲತಾಣ ಮತ್ತು ಖಾಸಗಿತನದ ಕಾಯಿದೆ

ಖಾಸಗಿತನದ ರಕ್ಷಣೆ ಎಂಬ ಮಾತು ಕೇಳಿದೊಡನೆ ಅದು ದೊಡ್ಡ ಕಂಪನಿಗಳಿಗೂ ಬ್ಯಾಂಕುಗಳಿಗೂ ಸಂಬಂಧಿಸಿದ ವಿಚಾರವೆಂದು ನಮ್ಮಲ್ಲಿ ಅನೇಕರು ಸುಮ್ಮನಾಗುತ್ತಾರೆ. ಆದರೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ವ್ಯಾಪ್ತಿ ಅಷ್ಟು ಕಿರಿದಲ್ಲ. ಜನರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವ ಸಂಘ ಸಂಸ್ಥೆಗಳೆಲ್ಲವೂ ಅದರ ಹೊಣೆಗೆ ಒಳಪಡುತ್ತವೆ. ಧಾರ್ಮಿಕ ಸಂಸ್ಥೆಗಳಿಗೆಂದು ಪ್ರತ್ಯೇಕ ವಿನಾಯಿತಿ ಅದರಲ್ಲಿಲ್ಲ. ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳನ್ನು ಹಾದು ಕೆ.ಆರ್. ಪುರದವರೆಗೆ, ಜಾಲತಾಣ ಹೊಂದಿರುವ ಧರ್ಮಕೇಂದ್ರ, ಸೇವಾಸಂಘ, ಸಣ್ಣ ವ್ಯಾಪಾರಿಗಳೆಲ್ಲರೂ ಇದನ್ನು ಅರಿಯಬೇಕಾದ ಕಾಲ ಬಂದಿದೆ.

ಈ ಕಾಯಿದೆಯ ಬೇರು ನಮ್ಮ ನಗರದಲ್ಲೇ ಇದೆ ಎಂಬುದು ಸ್ಮರಣೀಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದ ಆ ಹಿರಿಯರಿಗೆ ಇಡೀ ದೇಶವೇ ಋಣಿಯಾಗಿದೆ.

ಮಾಹಿತಿ ಕೈತಪ್ಪಿದರೆ ಏನಾಗಬಹುದೆಂಬುದನ್ನು ನಮ್ಮ ಪ್ರದೇಶದ ಜನ ಬಲ್ಲರು. 2022ರ ನವೆಂಬರ್‌ನಲ್ಲಿ, ಮತದಾರರ ಜಾಗೃತಿಗಾಗಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಿಂದ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸಂಸ್ಥೆಯವರು ಮತಗಟ್ಟೆ ಅಧಿಕಾರಿಗಳ ಸೋಗಿನಲ್ಲಿ ಮನೆ ಮನೆಯ ವಿವರಗಳನ್ನು ಸಂಗ್ರಹಿಸಿದರೆಂಬ ಆರೋಪ ಹೊರಬಿದ್ದಿತು. ಚುನಾವಣಾ ಆಯೋಗವು ಇಬ್ಬರು ಅಧಿಕಾರಿಗಳನ್ನು ಅಮಾನತುಗೊಳಿಸಲು ಆದೇಶಿಸಿ, ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಸೇರಿಸಿದ ಹಾಗೂ ಕೈಬಿಟ್ಟ ಹೆಸರುಗಳ ಮರುಪರಿಶೀಲನೆಗೆ ಸೂಚಿಸಿತು. ಅದಕ್ಕೂ ಮುನ್ನ, 2021ರ ಅಕ್ಟೋಬರ್‌ನಲ್ಲಿ, ವಿಧಾನಮಂಡಲದ ಸಮಿತಿಯೊಂದು ರಾಜ್ಯದ ಚರ್ಚುಗಳ ಸಮೀಕ್ಷೆಗೆ ಸೂಚಿಸಿದಾಗ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ಪೀಟರ್ ಮಚಾದೊ ಅವರು ಬಲವಾಗಿ ವಿರೋಧಿಸಿದ್ದರು. ನಮ್ಮ ಪಟ್ಟಿ ಯಾರಿಗೆ ಬೇಕು, ಏಕೆ ಬೇಕು ಎಂದು ಅಂದು ಕೇಳಿದ ಸಮುದಾಯವು ತಾನೇ ಇರಿಸಿಕೊಂಡ ಪಟ್ಟಿಗಳ ವಿಷಯದಲ್ಲಿ ಅಷ್ಟೇ ಎಚ್ಚರದಿಂದ ಇರಬೇಕಾದುದು ನ್ಯಾಯ.

ಇಂದು ಧರ್ಮಕೇಂದ್ರವೊಂದರ ಜಾಲತಾಣದಲ್ಲಿ ಏನೆಲ್ಲ ಇರಬಹುದು? ಕುಟುಂಬಗಳ ನೋಂದಣಿ, ಕಾಣಿಕೆದಾರರ ಪಟ್ಟಿ, ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳ ಭಾವಚಿತ್ರ, ಎಲ್ಲಕ್ಕಿಂತ ಮಿಗಿಲಾಗಿ ಪ್ರಾರ್ಥನಾ ಕೋರಿಕೆಗಳು. ಮಗಳ ಕಾಯಿಲೆ, ಗಂಡನ ಕುಡಿತ, ಮುರಿಯುವ ಹಂತದ ದಾಂಪತ್ಯ, ಇವನ್ನೆಲ್ಲ ಜನ ದೇವರನ್ನು ನಂಬಿ ಬರೆಯುತ್ತಾರೆ. ಆ ಬರಹ ಯಾವ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಎಷ್ಟು ಜನರ ಕೈಯಲ್ಲಿ ಅದರ ಕೀಲಿಯಿದೆ ಎಂಬುದನ್ನು ಹೇಳುವವರೇ ಇಲ್ಲದಿದ್ದರೆ ಅದು ಬರೀ ಕಾನೂನಿನ ಲೋಪವಲ್ಲ, ವಿಶ್ವಾಸದ್ರೋಹ. 1983ರ ಧರ್ಮಸಭಾ ಶಾಸನ ಸಂಹಿತೆಯ 220ನೇ ವಿಧಿ ಪ್ರತಿಯೊಬ್ಬರ ಖಾಸಗಿತನದ ಹಕ್ಕನ್ನು ಮಾನ್ಯ ಮಾಡುತ್ತದೆ. ಧರ್ಮಕೇಂದ್ರದ ದಾಖಲೆಗಳು ಅನ್ಯರ ಕೈಸೇರದಂತೆ ನೋಡಿಕೊಳ್ಳುವ ಹೊಣೆಯನ್ನು 535ನೇ ವಿಧಿ ಪಾಲನಾ ಗುರುಗಳಿಗೆ ವಹಿಸುತ್ತದೆ. ದೇಶದ ಕಾಯಿದೆ ಈಗ ಕೇಳುತ್ತಿರುವುದು ಇದಕ್ಕೆ ಹೊರತಾದುದೇನಲ್ಲ.

ಕಾಯಿದೆ ಕೇಳುವುದಾದರೂ ಏನು? ಸಮ್ಮತಿಯನ್ನು ಆಧರಿಸಿ ಮಾಹಿತಿ ಪಡೆಯುವಾಗ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬ ಸ್ಪಷ್ಟ ಸೂಚನೆಯನ್ನು ಮೊದಲು ನೀಡಬೇಕು. ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವಿರಬೇಕು. ಸಮ್ಮತಿ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಸಾಧ್ಯವಾಗಬೇಕು. 18 ವರ್ಷ ತುಂಬದವರ ಮಾಹಿತಿಗೆ ತಂದೆತಾಯಿಯರ ಅಥವಾ ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಬೇಕು. ಪ್ರಶ್ನೆಗಳಿಗೆ ಉತ್ತರಿಸುವವರ ಸಂಪರ್ಕ ವಿವರವನ್ನು ಪ್ರಕಟಿಸಬೇಕು. ಮಾಹಿತಿ ಸೋರಿಕೆಯಾದರೆ ಸಂಬಂಧಪಟ್ಟವರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು. ಮಂಡಳಿಗೆ 72 ಗಂಟೆಗಳೊಳಗೆ ಸವಿವರ ವರದಿ ಸಲ್ಲಿಸಬೇಕು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಈ ಮುಖ್ಯ ಕರ್ತವ್ಯಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿವೆ, ಎಂದರೆ 2027ರ ಮೇವರೆಗೆ.

ಕಾಗದದ ಪುಸ್ತಕದಲ್ಲಷ್ಟೇ ಇರುವ ಸ್ನಾನದೀಕ್ಷೆಯ ದಾಖಲೆಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಅದನ್ನು ಕಂಪ್ಯೂಟರಿಗೆ ಏರಿಸಿದ ಕ್ಷಣದಿಂದ ಅನ್ವಯಿಸುತ್ತದೆ. ಹೀಗೆ ಏರಿಸಿದ ದಾಖಲೆಯನ್ನು ಅಳಿಸಿರೆಂದು ಒಬ್ಬರು ಕೇಳಿದರೆ? 2023ರಲ್ಲಿ ಇಂಥದೇ ಪ್ರಶ್ನೆಗೆ ಅಯರ್ಲೆಂಡಿನ ಪ್ರಾಧಿಕಾರವು ಡಬ್ಲಿನ್ ಮಹಾಧರ್ಮಪ್ರಾಂತ್ಯದ ಪರವಾಗಿಯೂ, ಬೆಲ್ಜಿಯಂನ ಪ್ರಾಧಿಕಾರವು ಗೆಂಟ್ ಧರ್ಮಪ್ರಾಂತ್ಯದ ವಿರುದ್ಧವಾಗಿಯೂ ತೀರ್ಪಿತ್ತವು. ನಮ್ಮಲ್ಲೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳದಿರದು. ಆದ್ದರಿಂದ ಹಳೆಯ ದಾಖಲೆಗಳನ್ನು ಉತ್ಸಾಹದಿಂದ ಜಾಲಕ್ಕೇರಿಸುವ ಮುನ್ನ ಯೋಚಿಸುವುದು ಲೇಸು.

ಕಾಯಿದೆ ನಿರ್ದೋಷವೆಂದು ನಾವು ಹೇಳುತ್ತಿಲ್ಲ. ಸುರಕ್ಷತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿಗಳವರೆಗೂ ದಂಡ ವಿಧಿಸಬಹುದಾದ ಇದೇ ಕಾಯಿದೆಯು, ತಾನು ಅಧಿಸೂಚಿಸುವ ಸರ್ಕಾರಿ ಅಂಗಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಮಾಹಿತಿ ಹಕ್ಕು ಕಾಯಿದೆಯ ಒಂದು ಮುಖ್ಯ ವಿಧಿಯನ್ನೂ ಅದು ಮೊಟಕುಗೊಳಿಸಿದೆ. ದೋಷದ ಗಾಂಭೀರ್ಯವನ್ನು ತೂಗಿಯೇ ದಂಡ ನಿಗದಿಯಾಗಬೇಕೆಂಬುದು ನಿಜವಾದರೂ ಸಣ್ಣವರಿಗೆ ಭಯವೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಸರ್ಕಾರ ಜಾರಿಕೊಂಡಿತೆಂದು ನಾವೂ ಜಾರಿಕೊಳ್ಳುವುದು ಸಲ್ಲದು.

ಭಯಕ್ಕೆ ಮದ್ದು ಸಹಕಾರ. ಒಂದೊಂದು ಧರ್ಮಕೇಂದ್ರವೂ ಬೇರೆ ಬೇರೆ ವಕೀಲರನ್ನು ಹುಡುಕಬೇಕಾಗಿಲ್ಲ. ಮಹಾಧರ್ಮಪ್ರಾಂತ್ಯದ ಮಟ್ಟದಲ್ಲಿ ಬಲ್ಲವರು ಕುಳಿತು ಕನ್ನಡ, ತಮಿಳು, ಕೊಂಕಣಿ, ಮಲಯಾಳಂ, ಇಂಗ್ಲಿಷ್ ಭಾಷೆಗಳಲ್ಲಿ ಒಂದು ಮಾದರಿ ಸೂಚನೆಯನ್ನು ಸಿದ್ಧಪಡಿಸಿಕೊಟ್ಟರೆ ಎಲ್ಲರಿಗೂ ಉಪಯೋಗವಾದೀತು. ದಂಡು ಪ್ರದೇಶದ ದೇವಾಲಯಗಳಲ್ಲಿ ಈ ಭಾಷೆಗಳನ್ನಾಡುವವರು ಒಟ್ಟಿಗೆ ಮೊಣಕಾಲೂರುತ್ತಾರೆ. ಕಂಪ್ಯೂಟರ್ ಉದ್ಯೋಗದಲ್ಲಿರುವ ನಮ್ಮ ಯುವಜನರು ಒಂದು ಭಾನುವಾರದ ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಲಿ: ಬೇಡವಾದ ಪಟ್ಟಿಗಳನ್ನು ಅಳಿಸಲಿ, ಬಿಟ್ಟುಹೋದವರ ಕೈಯಲ್ಲಿ ಉಳಿದ ಪಾಸ್‌ವರ್ಡ್‌ಗಳನ್ನು ಬದಲಿಸಲಿ, ಮಕ್ಕಳ ಚಿತ್ರಗಳಿಗೆ ಹೆತ್ತವರ ಒಪ್ಪಿಗೆ ಇದೆಯೇ ಎಂದು ನೋಡಲಿ. ಅಗತ್ಯವಿಲ್ಲದ ಮಾಹಿತಿಯನ್ನು ಕೇಳದಿರುವುದೇ ಎಲ್ಲಕ್ಕಿಂತ ಅಗ್ಗದ ಸುರಕ್ಷತೆ. 2027ರ ಮೇ ದೂರವೇನಿಲ್ಲ. ಧರ್ಮಕೇಂದ್ರದ ಪಾಲನಾ ಸಮಿತಿಗಳು ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಎತ್ತಿಕೊಳ್ಳಲೆಂಬುದು ನಮ್ಮ ವಿನಂತಿ.