ಫ್ಲಾಪಿ ಒಂದೇ, ತಕರಾರು ನೂರೆಂಟು

ಮೂರೂವರೆ ಇಂಚಿನ ಫ್ಲಾಪಿ 1980ರ ದಶಕದ ಅಮಿಗಾ, ಅಟಾರಿ ಎಸ್‌ಟಿ, ಮ್ಯಾಕಿಂಟಾಶ್, ಪಿಸಿ ಕಂಪ್ಯೂಟರ್‌ಗಳೆಲ್ಲದರೊಳಕ್ಕೂ ಸಲೀಸಾಗಿ ತೂರುತ್ತಿತ್ತು. ಓದಿಸಿಕೊಳ್ಳುತ್ತಿತ್ತೇ? ಅದು ಬೇರೆ ಮಾತು.

ಪಿಸಿ ಪ್ರತಿ ಟ್ರ್ಯಾಕಿನಲ್ಲಿ (ಫ್ಲಾಪಿಯ ಮೇಲಿನ ಒಂದೊಂದು ವೃತ್ತದಲ್ಲಿ) 9 ಸೆಕ್ಟರ್, ಅಂದರೆ ತುಂಡು, ಬರೆದು 720 ಕಿಲೋಬೈಟ್ ಹಿಡಿಸಿದರೆ, ಅಮಿಗಾ ಸೆಕ್ಟರ್‌ಗಳ ನಡುವೆ ಖಾಲಿ ಜಾಗ ಬಿಡದೆ 11 ಸೆಕ್ಟರ್ ತುರುಕಿ 880ಕ್ಕೇರಿತು. ಮ್ಯಾಕ್ ಇನ್ನೂ ವಿಚಿತ್ರ: ಹೊರ ಅಂಚಿನ ಟ್ರ್ಯಾಕಿಗೆ ಹೋದಂತೆ ತಿರುಗುವ ವೇಗವನ್ನೇ ತಗ್ಗಿಸುತ್ತಿತ್ತು. ಅಮಿಗಾಕ್ಕೆ ಸೂಕ್ತ ತಂತ್ರಾಂಶ ಕೊಟ್ಟರೆ ಪಿಸಿ ಫ್ಲಾಪಿ ಓದುತ್ತಿತ್ತು. ಪಿಸಿಯ ಬಿಗಿ ನಿಯಂತ್ರಕ ಚಿಪ್‌ಗೆ ಅಮಿಗಾ ಫ್ಲಾಪಿ ದಕ್ಕುತ್ತಿರಲಿಲ್ಲ. ಪಿಸಿಯ ಕಡತ ವ್ಯವಸ್ಥೆಯನ್ನೇ ಹೆಚ್ಚುಕಡಿಮೆ ಒಪ್ಪಿಕೊಂಡ ಅಟಾರಿಯೇ ಇವರಲ್ಲಿ ಜಾಣ ಎನ್ನಬೇಕು.

ಇದು ಬರೀ ಹವ್ಯಾಸಿಗಳ ಜಗಳವಲ್ಲ. ಕಲಾವಿದ ಆಂಡಿ ವಾರ್ಹೋಲ್ 1985ರಲ್ಲಿ ಅಮಿಗಾದಲ್ಲಿ ಬಿಡಿಸಿದ ಚಿತ್ರಗಳು ದಶಕಗಳ ಕಾಲ ಫ್ಲಾಪಿಗಳಲ್ಲೇ ಸಿಲುಕಿದ್ದವು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ ಅವನ್ನು ಹೊರತೆಗೆದ ಸುದ್ದಿ 2014ರಲ್ಲಿ ಬಂತು.

ಹಳೆಯ ಫ್ಲಾಪಿ ಕೈಗೆ ಬಂದಾಗ ಪತ್ರಾಗಾರಗಳು ಕಡತಗಳನ್ನಷ್ಟೇ ನಕಲು ಮಾಡಿಕೊಂಡರೆ ಸಾಲದು. ಕ್ರಯೋಫ್ಲಕ್ಸ್, ಗ್ರೀಸ್‌ವೀಜಲ್‌ನಂಥ ಸಾಧನಗಳು ಯಾವ ಕಂಪನಿಯ ಫಾರ್ಮ್ಯಾಟ್ ಎಂದು ಕೇಳದೆ ಕಾಂತೀಯ ಏರಿಳಿತವನ್ನೇ ದಾಖಲಿಸುತ್ತವೆ. ಮೊದಲು ಆ ಕಚ್ಚಾ ಪ್ರತಿ ಆಗಲಿ. ಅರ್ಥ ಬಿಡಿಸುವ ಕೆಲಸ ಆಮೇಲೂ ಮಾಡಬಹುದು.