ಹೊಸ ವಿಜ್ಞಾನವೂ ನಮ್ಮ ಬೆಟ್ಟದ ಜನರೂ

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಕ್ವಾಂಟಮ್ ಗಣಕ, ಕೃತಕ ಬುದ್ಧಿಮತ್ತೆ ಮುಂತಾದ ವಿಷಯಗಳನ್ನು ಕುರಿತು ಬರೆಯಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಗಣಿತದೊಡನೆ ನನ್ನ ಪರಿಚಯ ಹತ್ತನೆಯ ತರಗತಿಗೇ ಮುಗಿಯಿತು. ನಮ್ಮ ತಂದೆ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುವವರು; ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದರೂ ಈ ವಿಷಯವು ವಿಜ್ಞಾನಿಗಳಿಗೆ ಮಾತ್ರ ಬಿಟ್ಟುಬಿಡತಕ್ಕದ್ದಲ್ಲವೆಂದು ನನಗೆ ತೋರಿರುವುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಒಂದು ಶಾಸ್ತ್ರಕ್ಕೂ ಇನ್ನೊಂದಕ್ಕೂ ನಡುವೆ ಇದ್ದ ಬೇಲಿಗಳು ಈಗ ಒಂದೊಂದಾಗಿ ಬೀಳುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ಅಪೂರ್ವ ಪಟೇಲರು ಮಾಡಿದ ಕೆಲಸವೇ ಇದಕ್ಕೆ ನಿದರ್ಶನ. ನಾಲ್ಕು ಡಬ್ಬಿಗಳಲ್ಲಿ ಒಂದರೊಳಗೆ ಉಂಗುರವಿದೆಯೆನ್ನೋಣ. ಹೌದು, ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳಿಂದಲೇ ಅದನ್ನು ಹುಡುಕಬೇಕಾದರೆ ನಮಗೆ ಎರಡು ಪ್ರಶ್ನೆಗಳು ಬೇಕು. ಕ್ವಾಂಟಮ್ ಗಣಕವು ಹಲವು ಸಾಧ್ಯತೆಗಳನ್ನು ಒಟ್ಟಿಗೆ ಹಿಡಿದು ತೂಗಬಲ್ಲುದಾದ್ದರಿಂದ ಅದಕ್ಕೆ ಒಂದೇ ಪ್ರಶ್ನೆ ಸಾಕು. ಈ ವಿಧಾನವನ್ನು 1996ರಲ್ಲಿ ಕಂಡುಹಿಡಿದವರು ಭಾರತ ಮೂಲದ ಲವ್ ಗ್ರೋವರ್. ಅವರ ಲೆಕ್ಕದಂತೆ ಮೂರು ಪ್ರಶ್ನೆಗಳಲ್ಲಿ ಸುಮಾರು 20 ವಸ್ತುಗಳ ನಡುವೆ ಬೇಕಾದುದನ್ನು ಗುರುತಿಸಬಹುದು. ಪ್ರಾಣಿಗಳ ಜೀವಕೋಶದಲ್ಲಿಯೂ ಇಂಥದೇ ಸಂಖ್ಯೆಗಳಿವೆ: ಡಿ.ಎನ್.ಎ.ಯ ಅಕ್ಷರಗಳು ನಾಲ್ಕು. ಮೂರು ಮೂರು ಅಕ್ಷರಗಳ ಪದಗಳು ಸೂಚಿಸುವ ಅಮೈನೋ ಆಮ್ಲಗಳು 20. ಇದು ಕೇವಲ ಆಕಸ್ಮಿಕವಿರಲಾರದೆಂದು ಪಟೇಲರು 2001ರಲ್ಲಿ ಒಂದು ಪ್ರಬಂಧದಲ್ಲಿ ವಾದಿಸಿದರು. ಈ ವಾದ ಪ್ರಯೋಗದಿಂದ ಸಿದ್ಧವಾಗಿಲ್ಲ, ಅದೊಂದು ಊಹೆ. ಆದರೆ ಭೌತವಿಜ್ಞಾನಿಯೊಬ್ಬನು ಗಣಕದ ಕಣ್ಣಿನಿಂದ ಜೀವವನ್ನು ನೋಡಲು ಧೈರ್ಯ ಮಾಡಿದುದೇ ಮೆಚ್ಚತಕ್ಕ ಸಂಗತಿ.

ಕೃತಕ ಬುದ್ಧಿಮತ್ತೆಯಾದರೋ ಊಹೆಯ ಹಂತವನ್ನು ದಾಟಿ ಫಲ ಕೊಡತೊಡಗಿದೆ. ಪ್ರೋಟೀನಿನ ಆಕಾರವನ್ನು ಗಣಕದಿಂದಲೇ ಹೇಳಿಸಿದ ಆಲ್ಫಾಫೋಲ್ಡ್ ಎಂಬ ಸಾಧನೆಗಾಗಿ ಹಸಾಬಿಸ್ ಮತ್ತು ಜಂಪರ್ ಎಂಬುವರು 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ನಮ್ಮ ಕೇಂದ್ರ ಸರ್ಕಾರವೂ 2023ರಲ್ಲಿ 6,003 ಕೋಟಿ ರೂಪಾಯಿಗಳಿಗೆ ಮೇಲ್ಪಟ್ಟ ವೆಚ್ಚದ ರಾಷ್ಟ್ರೀಯ ಕ್ವಾಂಟಮ್ ಯೋಜನೆಗೆ ಒಪ್ಪಿಗೆಯಿತ್ತಿತು. ಅದರ ಗಣಕ ವಿಭಾಗದ ಮುಖ್ಯ ಕೇಂದ್ರ ಬೆಂಗಳೂರಿನ ವಿಜ್ಞಾನ ಸಂಸ್ಥೆಯೇ. ಔಷಧದ ಅಣುಗಳ ವರ್ತನೆಯನ್ನು ಮುಂದೊಂದು ದಿನ ಈ ಗಣಕಗಳು ಕರಾರುವಾಕ್ಕಾಗಿ ಲೆಕ್ಕಹಾಕುವುವೆಂಬ ಆಸೆ ವಿಜ್ಞಾನಿಗಳಿಗಿದೆ.

ಇದೆಲ್ಲ ಬೆಂಗಳೂರಿನ ಮಾತಾಯಿತು. ಕೊಳ್ಳೇಗಾಲ, ಹನೂರು, ಯಳಂದೂರಿನವರಿಗೆ ಇದರಿಂದೇನು ಎಂದು ಕೇಳಬಹುದು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆಮಹದೇಶ್ವರ ಬೆಟ್ಟದಲ್ಲಿಯೂ ಸೋಲಿಗರಿದ್ದಾರೆ. ಅವರಲ್ಲಿ ಕೆಲವರಿಗೆ ಸಿಕಲ್ ಸೆಲ್ ಎಂಬ ರಕ್ತಹೀನತೆ ಹುಟ್ಟಿನಿಂದಲೇ ಬರುತ್ತದೆ. ಡಿ.ಎನ್.ಎ.ಯ ಒಂದೇ ಒಂದು ಅಕ್ಷರ ಬದಲಾದುದರಿಂದ ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಸಹಿಸಲಾಗದ ನೋವನ್ನು ಕೊಡುತ್ತದೆ. ಕ್ವಾಂಟಮ್ ಗಣಕ, ಕೃತಕ ಬುದ್ಧಿ, ಆರೋಗ್ಯಗಳೆಂಬ ಮೂರು ದಾರಿಗಳು ಒಂದು ದಿನ ಕೂಡಬೇಕಾದುದು ಇಂಥ ರೋಗಿಯ ಮಂಚದ ಬಳಿಯಲ್ಲಿಯೇ ಅಲ್ಲವೆ? 1981ರಲ್ಲಿ ಡಾಕ್ಟರ್ ಸುದರ್ಶನರು ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದಾಗ ಅವರ ಬಳಿ ಇಂಥ ಯಂತ್ರಗಳಿರಲಿಲ್ಲ. ಅವರು ಜನರ ನಡುವೆ ಇದ್ದು ಅವರ ವಿಶ್ವಾಸವನ್ನು ಗಳಿಸಿದರು. 2047ರೊಳಗೆ ಈ ರೋಗವನ್ನು ತೊಡೆದುಹಾಕಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮ 2023ರಲ್ಲಿ ಆರಂಭವಾಯಿತು. ಅದೂ ಜನರ ವಿಶ್ವಾಸವಿಲ್ಲದೆ ನಡೆಯಲಾರದು.

ಇಲ್ಲಿಯೇ ನನ್ನ ಮುಖ್ಯ ಅಭಿಪ್ರಾಯವನ್ನು ಹೇಳಬೇಕು. ಯಂತ್ರವು ತಾನಾಗಿ ಏನನ್ನೂ ಅರಿಯದು. ಯಾರನ್ನು ನೋಡಿ ಕಲಿಯಿತೋ ಅವರನ್ನು ಮಾತ್ರ ಅದು ಬಲ್ಲುದು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಆಕ್ಸಿಮೀಟರನ್ನು ಕೊರೋನಾ ಕಾಲದಲ್ಲಿ ನಾವೆಲ್ಲ ನೋಡಿದ್ದೇವೆ. ಕಪ್ಪು ಚರ್ಮದ ರೋಗಿಗಳಲ್ಲಿ ಅದು ಹಲವು ಬಾರಿ ನಿಜಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸಿ ಅಪಾಯವನ್ನು ಮರೆಮಾಚುತ್ತದೆಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು.

ನಮ್ಮ ಮನೆಯದೇ ಒಂದು ಸಂಗತಿ. ಹೋದ ವರ್ಷ ಅಜ್ಜಿಯನ್ನು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ವೈದ್ಯರಿಗೆ ಕನ್ನಡ ಬಾರದು. “ಎದಲಿ ಸಂಕಟ ಆಯ್ತದ ಕನ ಕೂಸು” ಎಂದು ಅಜ್ಜಿ ನನ್ನೊಡನೆ ಹೇಳಿದಳು. ತಕ್ಕ ಇಂಗ್ಲಿಷ್ ಪದ ನನಗೆ ಹೊಳೆಯದೆ, ಫೋನಿನ ಅನುವಾದ ಯಂತ್ರಕ್ಕೆ ಆ ಮಾತನ್ನು ಕೊಟ್ಟೆ. ಅದು ಸಂಕಟವನ್ನು ದುಃಖವೆಂದು ತಿಳಿಯಿತು. ಮನೆಯಲ್ಲಿ ಯಾರಾದರೂ ಇತ್ತೀಚೆಗೆ ತೀರಿಕೊಂಡರೇ ಎಂದು ವೈದ್ಯರು ಕೇಳಿದರು. ಅದನ್ನು ನಾನು ಅಜ್ಜಿಗೆ ತಿಳಿಸಿದಾಗ ಆಕೆ ಗಾಬರಿಯಿಂದ ನನ್ನ ಕೈ ಹಿಡಿದುಕೊಂಡು, “ಯಾರ್ ಸತ್ರು ಕೂಸು?” ಎಂದಳು. ಕೊನೆಗೆ ನಾನು ಕೈಸನ್ನೆಯಿಂದಲೇ ವಿವರಿಸಬೇಕಾಯಿತು. ಆಗ ನಕ್ಕೆವು, ಆದರೆ ಅಂದು ಆಕೆಯ ಜೊತೆ ಯಾರೂ ಇಲ್ಲದಿದ್ದರೆ ಏನಾಗುತ್ತಿತ್ತೆಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆರೋಗ್ಯ ಕೇಂದ್ರಕ್ಕೆ ವೈದ್ಯರೂ ದಾದಿಯರೂ ಮೊದಲು ಬರಲಿ, ಗಣಕದ ಮಾತು ಆಮೇಲೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಸಿಕಲ್ ಸೆಲ್ ರೋಗಕ್ಕೆ ಡಿ.ಎನ್.ಎ.ಯನ್ನೇ ತಿದ್ದುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಅಮೆರಿಕದಲ್ಲಿ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರ್! ವಿಜ್ಞಾನ ಬೆಟ್ಟ ಹತ್ತದೆ ಕೆಳಗೇ ನಿಂತುಬಿಡುವುದು ಹೀಗೆ. ಆದರೆ ವೈದ್ಯರು ಬರುವವರೆಗೆ ವಿಜ್ಞಾನವನ್ನು ತಡೆದು ನಿಲ್ಲಿಸುವುದು ಪರಿಹಾರವಲ್ಲ. ಎರಡನ್ನೂ ಒಟ್ಟಿಗೆ ಕೇಳುವುದೇ ಯುಕ್ತ.

ಕೇಳುವಾಗ ನಮ್ಮ ಹಕ್ಕನ್ನೂ ಮರೆಯಬಾರದು. ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕನ್ನು ಸರ್ಕಾರ 2011ರಲ್ಲಿ ಮನ್ನಿಸಿತು. ಕಾಡಿನ ಜೇನಿನ ಮೇಲೆ ಇರುವ ಹಕ್ಕು ತಮ್ಮ ಮೈಯ ರಕ್ತದ ಮಾಹಿತಿಯ ಮೇಲೆ ಬೇಡವೆ? ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾನೂನಾಯಿತು, ನಿಜ. ಆದರೆ ಒಂದು ಪೋಡಿನ ಜನರ ರಕ್ತವನ್ನು ಪರೀಕ್ಷಿಸಿ ಬಂದ ತಿಳುವಳಿಕೆ ಒಬ್ಬೊಬ್ಬರದು ಮಾತ್ರವಲ್ಲ, ಆ ಪೋಡಿನದೆಲ್ಲ. ಆದುದರಿಂದ ಯಾವ ಸಂಶೋಧಕರೇ ಆಗಲಿ, ಏಕೆ ಕೇಳುತ್ತಿದ್ದೇವೆ, ಅದನ್ನು ಎಲ್ಲಿಡುತ್ತೇವೆ, ಅದರಿಂದ ನಿಮಗೇನು ಫಲ ಎಂಬುದನ್ನು ಜನರ ಮಾತಿನಲ್ಲಿಯೇ ಹೇಳಿ, ಅವರ ಒಪ್ಪಿಗೆ ಪಡೆದು, ಕಂಡುಕೊಂಡದ್ದನ್ನು ಮತ್ತೆ ಬಂದು ತಿಳಿಸತಕ್ಕದ್ದು.

ಈ ಕೆಲಸವನ್ನು ಯಾರು ಮಾಡಬೇಕು? ಭಾಷೆಯನ್ನು ಓದಿದವರು, ಇತಿಹಾಸವನ್ನು ಓದಿದವರು, ಹಳ್ಳಿಯ ಅಜ್ಜಿಯ “ಸಂಕಟ” ಯಾವುದೆಂದು ಬಲ್ಲವರು. ಬಿ.ಎ. ಓದಿ ಏನು ಮಾಡುತ್ತೀಯೆ ಎಂದು ನನ್ನನ್ನು ನೆಂಟರೆಲ್ಲರೂ ಕೇಳುತ್ತಾರೆ. ಅವರಿಗೆ ಇದುವರೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಂಥವರಿಗೂ ಅನ್ವಯಿಸುತ್ತಿತ್ತು. ಆದರೆ ನಮ್ಮ ಸೀಮೆಯ ಮಾತನ್ನು ಬಲ್ಲವರಿಲ್ಲದೆ ಎಂಥ ಮಹಾಯಂತ್ರವೂ ನಮ್ಮವರ ನೋವನ್ನು ತಿಳಿಯಲಾರದು. ಮಿತ್ರರೇ, ವಿಜ್ಞಾನಿಗಳು ತಮ್ಮ ಬೇಲಿಯನ್ನು ದಾಟಿ ಬರುತ್ತಿದ್ದಾರೆ. ನಾವೂ ನಮ್ಮ ಬೇಲಿಯನ್ನು ದಾಟಿ ಅರ್ಧದಾರಿಯಲ್ಲಾದರೂ ಅವರನ್ನು ಎದುರುಗೊಳ್ಳೋಣ.